ಕಡಿತವಾದ ಕ್ಲೇಮು ಮತ್ತು ನಮ್ಮ ಆಸ್ಪತ್ರೆಗಳ ಸಂಘ

ಗದಗಿನಲ್ಲಿ 25 ಹಾಸಿಗೆಯ ಒಂದು ನರ್ಸಿಂಗ್ ಹೋಮ್. ಯಜಮಾನರು ಸರ್ಜನ್, ಅವರ ಹೆಂಡತಿ ಹೆರಿಗೆ ಡಾಕ್ಟರು. ಬಿಲ್ಲಿಂಗು, ಇನ್ಶೂರೆನ್ಸು, ಲೈಸೆನ್ಸು ಇವೆಲ್ಲ ನನ್ನ ಕೆಲಸ. ನನ್ನ ರೂಮಿನ ಬಾಗಿಲ ಮೇಲೆ ‘ಅಡ್ಮಿನಿಸ್ಟ್ರೇಟರ್’ ಅಂತ ಬರೆದಿದೆ. ನರ್ಸುಗಳು ‘ಅಕ್ಕಾರ’ ಅಂತಾರೆ. ಲಿಫ್ಟ್ ಕೆಟ್ಟರೂ ನನ್ನನ್ನೇ ಕರೆಯುತ್ತಾರೆ, ಕ್ಲೇಮಿಗೆ ಕ್ವೆರಿ ಬಂದರೂ ನನ್ನನ್ನೇ.

ಆಸ್ಪತ್ರೆಗಳದ್ದೂ ಒಂದು ಸಂಘ ಇದೆ ಅಂದರೆ ಹೊರಗಿನವರಿಗೆ ನಗು ಬರುತ್ತದೆ. “ನಿಮಗ್ಯಾಕ ಬೇಕವಾ ಸಂಘ? ಸಂಘ ಬೇಕಾಗಿದ್ದು ಪೇಷಂಟ್ ಮಂದಿಗೆ” ಅಂತ ನಮ್ಮ ಸೋದರಮಾವ ಒಮ್ಮೆ ಅಂದಿದ್ದರು. ಪೂರ್ತಿ ತಳ್ಳಿಹಾಕುವ ಮಾತಲ್ಲ ಅದು. ಆಮೇಲೆ ಬರುತ್ತೇನೆ ಅದಕ್ಕೆ. ಮೊದಲು ನಡೆದದ್ದು ಹೇಳಿಬಿಡುತ್ತೇನೆ.

ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನೋಡಿಕೊಳ್ಳುವ ಕಂಪನಿಯ ಹುಡುಗನೊಬ್ಬ ರಾತ್ರಿ ಹೊಟ್ಟೆನೋವು ಅಂತ ಬಂದ. ಅಪೆಂಡಿಕ್ಸ್. ಕಂಪನಿ ಮಾಡಿಸಿದ ಗ್ರೂಪ್ ಪಾಲಿಸಿ ಇತ್ತು. ಟಿಪಿಎಗೆ, ಅಂದರೆ ಇನ್ಶೂರೆನ್ಸ್ ಕಂಪನಿ ಪರವಾಗಿ ಕ್ಲೇಮು ನೋಡುವ ಸಂಸ್ಥೆಗೆ ಕಾಗದ ಕಳಿಸಿದೆವು. ಒಪ್ಪಿಗೆ ಬಂತು, ಆಪರೇಷನ್ ಆಯಿತು. ಬಿಲ್ 46,000 ರೂಪಾಯಿ. ಡಿಸ್ಚಾರ್ಜ್ ದಿನ ಬಂದ ಕೊನೆಯ ಅಪ್ರೂವಲ್ ಲೆಟರಿನಲ್ಲಿ 44,200 ಅಂತ ಇತ್ತು. ಗ್ಲೌಸು, ರಿಜಿಸ್ಟ್ರೇಷನ್ ಅಂತ ಪಾಲಿಸಿಗೆ ಬಾರದ 1,800 ರೂಪಾಯಿ ಕೊಟ್ಟು ಹುಡುಗ ಕೈಮುಗಿದು ಹೋದ.

ದುಡ್ಡು ಬಂದಾಗ ಸುಗ್ಗಿ ಮುಗಿದಿತ್ತು. ಖಾತೆಗೆ ಬಿದ್ದದ್ದು 33,480. ಏಳು ಸಾವಿರ ಕಡಿತ, ಉಳಿದ 37,200ರ ಮೇಲೆ ಶೇ 10 ಟಿಡಿಎಸ್. ಟಿಡಿಎಸ್ ಬಗ್ಗೆ ನನ್ನ ತಕರಾರಿಲ್ಲ. ಆದಾಯ ತೆರಿಗೆ ಅಂತ ಮೊದಲೇ ಹಿಡಿಯುತ್ತಾರೆ, ರಿಟರ್ನ್ ತುಂಬುವಾಗ ಲೆಕ್ಕಕ್ಕೆ ಬರುತ್ತದೆ. ಆದರೆ ಆ ಏಳು ಸಾವಿರ ಯಾಕೆ ಹೋಯಿತು? ಕಾರಣದ ಕಾಲಮ್ಮಿನಲ್ಲಿ ಒಂದೇ ಸಾಲು: ‘ರೀಸನಬಲ್ ಆಂಡ್ ಕಸ್ಟಮರಿ’. ಅಂದರೆ ಇಷ್ಟು ಬಿಲ್ ವಾಡಿಕೆಯಲ್ಲ ಅಂತ. ವಾಡಿಕೆಯಲ್ಲದಿದ್ದರೆ ಡಿಸ್ಚಾರ್ಜ್ ದಿನ ತಾವೇ ಯಾಕೆ ಒಪ್ಪಿದರು?

ಮೇಲ್ ಹಾಕಿದೆ. ಟಿಕೆಟ್ ನಂಬರ್ ಬಂತು. ಫೋನ್ ಮಾಡಿದರೆ ಪ್ರತಿ ಸಲ ಹೊಸ ದನಿ, ಮೊದಲಿಂದ ಎಲ್ಲ ಹೇಳಬೇಕು. ಕಡಿತದ ದುಡ್ಡನ್ನು ರೋಗಿಯ ಹತ್ತಿರ ವಸೂಲಿ ಮಾಡುವಂತಿಲ್ಲ ಅಂತ ಒಪ್ಪಂದದಲ್ಲೇ ಇದೆ, ಅದು ಸರಿಯೂ ಹೌದು. ರೋಗಿಗೆ ಅನ್ಯಾಯವಾದರೆ ಇನ್ಶೂರೆನ್ಸ್ ಕಂಪನಿಗಳ ಮೇಲೆ ಕಣ್ಣಿಡುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಇದೆ, ಬೆಂಗಳೂರಿನಲ್ಲಿ ದೂರು ಕೇಳುವ ಒಂಬುಡ್ಸ್‌ಮನ್ ಇದ್ದಾರೆ. ಇವೆಲ್ಲ ಪಾಲಿಸಿ ಇದ್ದವರಿಗೆ. ಆಸ್ಪತ್ರೆ ಪಾಲಿಸಿದಾರ ಅಲ್ವಲ್ಲ. ನಮಗೆ ಉಳಿದದ್ದು ಒಪ್ಪಂದದಲ್ಲಿ ಬರೆದ ಆರ್ಬಿಟ್ರೇಷನ್, ಅಂದರೆ ಮಧ್ಯಸ್ಥರ ಮುಂದೆ ಹೋಗುವುದು, ಅಥವಾ ಕೋರ್ಟು.

ನಮ್ಮ ಡಾಕ್ಟರು ಕೇಳಿ ನಕ್ಕರು. “ಏಳು ಸಾವಿರಕ್ಕ ವಕೀಲರನ್ನ ಹಿಡದ್ರ ಫೀಜೇ ಹದಿನೈದು ಸಾವಿರ ಆಕ್ಕೈತಿ. ಬಿಡ್ರಿ ಅಕ್ಕಾರ.”

ಅವರು ಹೇಳಿದ್ದು ಸರಿ. ಎಲ್ಲ ಸಣ್ಣ ಆಸ್ಪತ್ರೆಗಳೂ ಹೀಗೇ ‘ಬಿಡ್ರಿ’ ಅನ್ನುತ್ತವೆ. ಆ ಕಡೆಯವರಿಗೆ ಅದು ಚೆನ್ನಾಗಿ ಗೊತ್ತು.

ಜಿಲ್ಲೆಯ ಖಾಸಗಿ ಆಸ್ಪತ್ರೆಗಳ ಸಂಘಕ್ಕೆ ನಾವು ಹಳೇ ಮೆಂಬರು. ಹಾಸಿಗೆ ಲೆಕ್ಕದಲ್ಲಿ ವರ್ಷಕ್ಕೊಮ್ಮೆ ಚಂದಾ ಹೋಗುತ್ತಿತ್ತು, ರಿಸೆಪ್ಷನ್ನಿನಲ್ಲಿ ಸರ್ಟಿಫಿಕೇಟ್ ತೂಗುತ್ತಿತ್ತು. ಅಷ್ಟೇ ಸಂಬಂಧ. ಪೇಪರಿನಲ್ಲಿ ಆಗಾಗ ಫೋಟೋ ಬರುತ್ತಿತ್ತು: ನಾಲ್ಕೈದು ಡಾಕ್ಟರು ಸಾಲಾಗಿ ನಿಂತು ಜಿಲ್ಲಾಧಿಕಾರಿಗೆ ಮನವಿ ಕೊಡುವುದು. ಸಂಘ ಅಂದರೆ ಇದೇ ಅಂತ ತಿಳಿದಿದ್ದೆ.

ಸಂಘದ ಕಾರ್ಯದರ್ಶಿ ಎಲುಬಿನ ಡಾಕ್ಟರು. ಓಪಿಡಿ ಮುಗಿಯುವ ಹೊತ್ತಿಗೆ ಅವರ ಆಸ್ಪತ್ರೆಗೆ ಹೋದೆ. ಒಂದು ಮಗುವಿನ ಕೈಗೆ ಪ್ಲಾಸ್ಟರ್ ಹಾಕಿ ಕಳಿಸಿ ಆಗತಾನೇ ಕೂತಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಬಿಳಿ ಪುಡಿ. ನನ್ನ ಫೈಲನ್ನು ಮುಟ್ಟದೆ ಬಗ್ಗಿ ಓದಿದರು.

“ಇದೊಂದ ಕೇಸ್ ಇಟ್ಕೊಂಡು ನಾ ಏನೂ ಮಾಡಾಕ ಬರಂಗಿಲ್ರಿ ಮೇಡಂ. ಒಂದ ಕೇಸ್ ಅಂದ್ರ ಅವರು ಸಾರಿ ಅಂತಾರ, ಮುಗೀತು. ನಿಮ್ಮದು ಒಂದು ವರ್ಷದ್ದು ಎಲ್ಲಾ ತಗೀರಿ. ಉಳಿದೋರದೂ ನಾ ತರಸ್ತೀನಿ. ಒಂದ ನಮೂನಿ ಶೀಟ್ ಇರ್ಲಿ.”

ಆ ಶೀಟನ್ನು ನಾನೇ ಮಾಡಿಕೊಟ್ಟೆ. ಕ್ಲೇಮ್ ನಂಬರು, ಯಾವ ಆಪರೇಷನ್ನು, ಬಿಲ್ ಎಷ್ಟು, ಅಪ್ರೂವಲ್ ಎಷ್ಟು, ಬಂದದ್ದೆಷ್ಟು, ಯಾವ ತಾರೀಖು, ಕಡಿತಕ್ಕೆ ಅವರೇ ಕೊಟ್ಟ ಕಾರಣ. ರೋಗಿಯ ಹೆಸರಿಗೆ ಕಾಲಮ್ಮೇ ಬೇಡ ಅಂತ ಕಾರ್ಯದರ್ಶಿಗಳು ಮೊದಲೇ ಹೇಳಿದ್ದರು. ಒಬ್ಬರ ಕಾಯಿಲೆಯ ವಿಷಯ ಇಪ್ಪತ್ತು ಆಸ್ಪತ್ರೆಗಳ ವಾಟ್ಸಾಪಿನಲ್ಲಿ ಓಡಾಡಬಾರದು.

ಶೀಟು ಮಾಡುವುದು ಸುಲಭ. ತುಂಬಿಸುವುದು ಬೇರೆ ಕಥೆ. ಟಿಪಿಎ ದುಡ್ಡು ಒಂದೊಂದು ಕ್ಲೇಮಿಗೆ ಒಂದೊಂದಾಗಿ ಬರುವುದಿಲ್ಲ. ನಾಲ್ಕಾರು ಕ್ಲೇಮು ಸೇರಿ ಒಂದೇ ಮೊತ್ತವಾಗಿ ಬೀಳುತ್ತದೆ, ಅದಕ್ಕೆ ಬ್ಯಾಂಕಿನ ಒಂದು ಯುಟಿಆರ್ ನಂಬರ್ ಇರುತ್ತದೆ. ಅದರಲ್ಲಿ ಯಾವ ರೋಗಿಯದು ಎಷ್ಟು ಅಂತ ಪೋರ್ಟಲ್ಲಿಗೆ ಹೋಗಿ ಬಿಡಿಸಬೇಕು. ಈ ಕೆಲಸವನ್ನು ಹೆಚ್ಚಿನ ಆಸ್ಪತ್ರೆಗಳು ಮಾಡಿರಲೇ ಇಲ್ಲ. ದುಡ್ಡು ಬಂತು, ಪಾಸ್‌ಬುಕ್ಕಿನಲ್ಲಿ ಕಾಣಿಸಿತು, ಸಾಕು. ಎಷ್ಟು ಬರಬೇಕಿತ್ತು ಅಂತ ಯಾರೂ ನೋಡಿಲ್ಲ. ಒಂದು ಕಣ್ಣಾಸ್ಪತ್ರೆಯಲ್ಲಿ ಬಿಲ್ಲಿಂಗ್ ನೋಡುವ ಹುಡುಗಿ ರಟ್ಟಿನ ಪೆಟ್ಟಿಗೆ ತುಂಬ ಅಪ್ರೂವಲ್ ಲೆಟರ್ ಪ್ರಿಂಟ್ ತೆಗೆದಿಟ್ಟಿದ್ದಳು. ಒಂದಕ್ಕೂ ಎದುರಿಗೆ ಬಂದ ದುಡ್ಡಿನ ಲೆಕ್ಕ ಇರಲಿಲ್ಲ. ಇಬ್ಬರೂ ಕೂತು, ನಡುವೆ ಗಿರ್ಮಿಟ್ ತರಿಸಿಕೊಂಡು, ಒಂದೊಂದೇ ಯುಟಿಆರ್ ಬಿಡಿಸಿದೆವು. ಸಂಜೆ ಹೊತ್ತಿಗೆ ಅವಳ ಮುಖ ಕೆಂಪಾಗಿತ್ತು. “ಅಕ್ಕಾರ, ನಮ್ಮ ಡಾಕ್ಟರಿಗೆ ಇದನ್ನ ಹೆಂಗ ತೋರಸ್ಲಿ?” ಅಂದಳು. ಕಡಿತ ಅಷ್ಟಿತ್ತು.

ಎಲ್ಲರ ಶೀಟು ಬಂದ ಮೇಲೆ ಒಂದೇ ಕಡೆ ಹಾಕಿ, ಆಪರೇಷನ್ ಹೆಸರಿನ ಪ್ರಕಾರ ಜೋಡಿಸಿದೆ. ನಿಜವಾದ ವಿಷಯ ಕಂಡದ್ದು ಆಗ. ಅಪೆಂಡಿಕ್ಸಿಗೆ ಒಬ್ಬರು 41,000 ಬಿಲ್ ಮಾಡಿದ್ದಾರೆ, ಒಬ್ಬರು 52,000, ನಾವು 46,000. ಟಿಡಿಎಸ್ ಹಿಡಿಯುವ ಮುಂಚೆ ಎಲ್ಲರಿಗೂ ಮಂಜೂರಾದದ್ದು 37,200. ಸಿಸೇರಿಯನ್ನಿಗೂ ಹಾಗೇ. ಕಣ್ಣಿನ ಪೊರೆಗೂ ಹಾಗೇ. ಯಾರೋ ಒಬ್ಬ ಡಾಕ್ಟರು ಫೈಲ್ ನೋಡಿ ‘ಇದು ಜಾಸ್ತಿಯಾಯಿತು’ ಅಂತ ಕಡಿತ ಮಾಡಿದ್ದಲ್ಲ. ಒಳಗೆ ಎಲ್ಲೋ ಒಂದು ದರಪಟ್ಟಿ ಕೂತಿದೆ. ನಮ್ಮ ಯಾರ ಒಪ್ಪಂದದಲ್ಲೂ ಇಲ್ಲದ್ದು.

ನನ್ನೊಬ್ಬಳ ಫೈಲಿನಿಂದ ಇದು ಎಂದೂ ಗೊತ್ತಾಗುತ್ತಿರಲಿಲ್ಲ. ಮನವಿ, ಫೋಟೋ, ಹಾರ ಎಲ್ಲ ಬಿಟ್ಟು, ಸಂಘ ಅಂದರೆ ಏನು ಅಂತ ನನಗೆ ಅನ್ನಿಸಿದ್ದು ಆ ಜೋಡಿಸಿದ ಕಾಲಮ್ಮು ನೋಡಿದಾಗ.

ಎಲ್ಲ ಸಾಲೂ ನಮ್ಮ ಪರವಾಗಿರಲಿಲ್ಲ, ಅದನ್ನೂ ಹೇಳಬೇಕು. ಎರಡು ಆಸ್ಪತ್ರೆಗಳವರು ಪ್ಯಾಕೇಜ್ ದರವನ್ನೂ ಹಾಕಿ, ಅದರೊಳಗೇ ಬರುವ ಸಾಮಾನಿಗೆ ಬೇರೆ ಬಿಲ್ಲನ್ನೂ ಹಾಕಿದ್ದರು. ಕಾರ್ಯದರ್ಶಿಗಳು ಆ ಸಾಲುಗಳನ್ನು ತೆಗೆಸಿಬಿಟ್ಟರು. ಅದರಲ್ಲೊಬ್ಬ ಹಿರಿಯ ಡಾಕ್ಟರಿಗೆ ಸಿಟ್ಟು ಬಂತು. “ಸಂಘ ಯಾರ ಕಡೆ ಐತ್ರಿ?” ಅಂತ ಸಭೆಯಲ್ಲೇ ಕೇಳಿದರು. “ನಿಮ್ಮ ಕಡೇನ ಐತ್ರಿ ಸರ್. ಅದಕ್ಕ ತಗದೇನಿ. ಅವರು ಮೊದಲ ಇದನ್ನ ಹಿಡದ್ರ ಉಳದದ್ದು ಯಾವುದೂ ನಿಲ್ಲಂಗಿಲ್ಲ” ಅಂದರು ಕಾರ್ಯದರ್ಶಿಗಳು. ಹಿರಿಯರು ಚಹಾ ಕುಡಿಯದೇ ಎದ್ದು ಹೋದರು. ಮುಂದಿನ ಸಭೆಗೆ ಬಂದರು ಬಿಡಿ.

ಅದೇ ಸಭೆಯಲ್ಲಿ ಇನ್ನೊಂದು ಮಾತು ಎದ್ದಿತು. ಒಬ್ಬರು, “ಎಲ್ಲಾರೂ ಕೂಡಿ ಸಿಸೇರಿಯನ್ನಿಗೆ ಒಂದ ರೇಟ್ ಮಾಡೋಣ. ಅದಕ್ಕಿಂತ ಕಡಿಮಿಗೆ ಯಾರೂ ಮಾಡಬಾರದು. ಟಿಪಿಎದವರು ಎಲ್ಲಿ ಹೋಗ್ತಾರ?” ಅಂದರು. ಚಪ್ಪಾಳೆಯೂ ಬಿತ್ತು. ಸಂಘದ ವಕೀಲರು ಹಿಂದಿನ ಸಾಲಿನಲ್ಲಿದ್ದರು. ಎದ್ದು ನಿಂತು, ಈ ಮಾತನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದಿರಲಿ, ಆಡಲೂ ಬೇಡಿ ಅಂದರು. 2002ರ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ ಒಂದೇ ಧಂಧೆಯವರು ಕೂಡಿ ದರ ಗೊತ್ತುಮಾಡಿದರೆ ಅದು ಅಪರಾಧದ ಹಾಗೇ, ಸಂಘಕ್ಕೂ ದಂಡ, ಪದಾಧಿಕಾರಿಗಳಿಗೂ ದಂಡ. ಔಷಧ ಅಂಗಡಿಯವರ ಸಂಘಗಳಿಗೆ ಸ್ಪರ್ಧಾ ಆಯೋಗ ದಂಡ ಹಾಕಿದ ಉದಾಹರಣೆ ಕೊಟ್ಟರು. ಒಪ್ಪಿದ ದುಡ್ಡು ಕೊಡಿ, ಕಾರಣ ಹೇಳಿ, ಹೊತ್ತಿಗೆ ಕೊಡಿ ಅಂತ ಒಟ್ಟಾಗಿ ಕೇಳಬಹುದು. ದರ ಎಷ್ಟು ಅನ್ನುವುದನ್ನು ಪ್ರತಿ ಆಸ್ಪತ್ರೆಯೂ ತಾನೇ ಮಾತಾಡಿಕೊಳ್ಳಬೇಕು.

ಸರ್ಕಾರ ದರ ಗೊತ್ತುಮಾಡುವುದು ಬೇರೆ. ಕೋವಿಡ್ ಹೊತ್ತಿನಲ್ಲಿ, 2020ರ ಜೂನ್‌ನಲ್ಲಿ, ರಾಜ್ಯ ಸರ್ಕಾರ ಖಾಸಗಿ ಆಸ್ಪತ್ರೆಗಳಿಗೆ ದರ ಕಟ್ಟಿತು. ಸರ್ಕಾರ ಕಳಿಸಿದ ರೋಗಿಗೆ ಜನರಲ್ ವಾರ್ಡಿನಲ್ಲಿ ದಿನಕ್ಕೆ 5,200, ವೆಂಟಿಲೇಟರ್ ಇರುವ ಐಸಿಯುಗೆ 10,000. ಆಗ ಮಾತುಕತೆಗೆ ಕೂತದ್ದು ಬೆಂಗಳೂರಿನ ಖಾಸಗಿ ಆಸ್ಪತ್ರೆಗಳ ಸಂಘ ಫನಾದಂಥವು. ನಮ್ಮಂಥವರಿಗೆ ಆದೇಶದ ಪಿಡಿಎಫ್ ವಾಟ್ಸಾಪಿನಲ್ಲಿ ಬಂತು. ದೊಡ್ಡ ಊರಿನ ಸಂಘ ದೊಡ್ಡ ಆಸ್ಪತ್ರೆಯ ಕಣ್ಣಿನಿಂದಲೇ ನೋಡುತ್ತದೆ. 2022ರ ಜುಲೈ 18ರಿಂದ ದಿನಕ್ಕೆ 5,000 ರೂಪಾಯಿ ಮೇಲಿನ ರೂಮಿಗೆ ಶೇ 5 ಜಿಎಸ್‌ಟಿ ಬಂದಾಗ ದೇಶದ ಎಲ್ಲ ಆಸ್ಪತ್ರೆ ಸಂಘಗಳೂ ಕೂಗಿದವು. ನಮ್ಮ ಡಾಕ್ಟರು ಪೇಪರ್ ಓದಿ, “ಐದ ಸಾವಿರದ ರೂಮ್ ನಮ್ಮಲ್ಲಿ ಎಲ್ಲೈತ್ರಿ ಅಕ್ಕಾರ, ತೋರಸ್ರಿ” ಅಂದಿದ್ದರು. ಅದಕ್ಕೇ ಜಿಲ್ಲೆಗೊಂದು ಸಂಘ ಬೇಕು ಅನ್ನುವುದು.

ಟಿಪಿಎ ಜೊತೆಗಿನ ಮಾತುಕತೆ ಹುಬ್ಬಳ್ಳಿಯಲ್ಲಿ ಇಟ್ಟಿದ್ದರು. ಧಾರವಾಡ, ಹಾವೇರಿ ಜಿಲ್ಲೆಯ ಆಸ್ಪತ್ರೆಗಳವರೂ ಬರಲಿ ಅಂತ. ಅವರೂ ನಮ್ಮ ಶೀಟನ್ನೇ ತೆಗೆದುಕೊಂಡು ತುಂಬಿಸಿದ್ದರು. ಅಣ್ಣಿಗೇರಿ ದಾಟುವಾಗ ಕಾರ್ಯದರ್ಶಿಗಳು ಕಾರಿನಲ್ಲಿ ನನಗೇ ಹೇಳಿದರು, “ಅಂಕಿ ಬಂದಾಗ ನೀವ ಮಾತಾಡ್ರಿ. ನಾವು ಡಾಕ್ಟರ್ ಮಂದಿ ಸಿಟ್ಟಿಗೇಳತೀವಿ.”

ಡಾಕ್ಟರಲ್ಲದ ನನ್ನಂಥವರು ಸಂಘದ ಸಭೆಯಲ್ಲಿ ಕೂರಬೇಕೋ ಬೇಡವೋ ಅನ್ನುವುದೇ ಆವರೆಗೆ ಒಂದು ಚರ್ಚೆಯಾಗಿತ್ತು. ಆಮೇಲೆ ಎಲ್ಲೋ ಓದಿದೆ, ಅಮೆರಿಕದ ಆಸ್ಪತ್ರೆಗಳ ದೊಡ್ಡ ಸಂಘ 1899ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾದದ್ದೇ ಆಡಳಿತ ನೋಡುವ ಸೂಪರಿಂಟೆಂಡೆಂಟ್‌ಗಳ ಕೂಟವಾಗಿ. ಇದನ್ನು ಪ್ರಿಂಟ್ ತೆಗೆದು ಸಂಘದ ಆಫೀಸಿನಲ್ಲಿ ಅಂಟಿಸಬೇಕು ಅಂತ ಆಸೆ ಇದೆ.

ಟಿಪಿಎ ಕಡೆಯಿಂದ ನೆಟ್‌ವರ್ಕ್ ಮ್ಯಾನೇಜರ್ ಒಬ್ಬರು, ಅವರ ಡಾಕ್ಟರ್ ಒಬ್ಬರು ಬಂದಿದ್ದರು. ಇಬ್ಬರೂ ಬಹಳ ಮರ್ಯಾದೆಯವರು. “ಪ್ರತಿಯೊಂದು ಆಸ್ಪತ್ರೆಯ ಒಪ್ಪಂದವೂ ಬೇರೆ. ನೀವು ಬೇರೆ ಬೇರೆಯಾಗಿ ಬರೆದು ಕೊಡಿ, ನೋಡ್ತೇವೆ” ಅಂದರು. ಎಲ್ಲ ಸಲವೂ ಹೇಳುವ ಮಾತೇ. ಆಗ ಕಾರ್ಯದರ್ಶಿಗಳು ಅಪೆಂಡಿಕ್ಸಿನ ಪುಟವನ್ನು ಅವರ ಮುಂದೆ ಸರಿಸಿದರು. ನಾನು ಬೆರಳಿಟ್ಟು ತೋರಿಸಿದೆ.

“ನೋಡ್ರಿ ಸರ್. ಬಿಲ್ ಬ್ಯಾರೆ ಬ್ಯಾರೆ, ಊರು ಬ್ಯಾರೆ ಬ್ಯಾರೆ, ಒಪ್ಪಂದಾನೂ ಬ್ಯಾರೆ ಅಂತೀರಿ. ಕೊಟ್ಟ ರೊಕ್ಕ ಮಾತ್ರ ಒಂದ. ಇದು ಹೆಂಗ್ರಿ?”

ಅವರ ಡಾಕ್ಟರು ಕನ್ನಡಕ ತೆಗೆದು ಪುಟವನ್ನು ಹತ್ತಿರ ಹಿಡಿದರು. ಮುಂದಿನ ಪುಟ ತಿರುವಿದರು. ಮತ್ತೆ ಮೊದಲನೆಯದಕ್ಕೆ ಬಂದರು. ಮ್ಯಾನೇಜರು ಫೋನ್ ಹಿಡಿದು ಹೊರಗೆ ಹೋದರು, ಬಹಳ ಹೊತ್ತು ಬರಲಿಲ್ಲ. ಒಳಗೆ ಮಿರ್ಚಿ ಬಂತು, ಎಲ್ಲರೂ ತಿಂದರು.

ಸಿನಿಮಾದ ಹಾಗೆ ಅವತ್ತೇ ಎಲ್ಲ ಆಗಲಿಲ್ಲ. ಮೇಲ್ ಹೋದವು, ಬಂದವು. ಬೆಂಗಳೂರಿನಲ್ಲಿ ರಾಜ್ಯಮಟ್ಟದವರೂ ಒಂದು ಮಾತು ಹಾಕಿದರು. ಕೊನೆಗೆ ಬರವಣಿಗೆಯಲ್ಲಿ ಬಂದದ್ದು ಇಷ್ಟು: ಡಿಸ್ಚಾರ್ಜ್ ಅಪ್ರೂವಲ್ ಕೊಟ್ಟ ಮೇಲೆ, ಕೇಸ್ ಶೀಟಿನಲ್ಲಿ ಹೊಸದೇನಾದರೂ ಕಂಡರೆ ಮಾತ್ರ ಕಡಿತ, ಅದಕ್ಕೂ ಬಿಡಿಸಿ ಕಾರಣ. ನಮ್ಮ ಮೂರು ಜಿಲ್ಲೆಗೆ ಹೆಸರು, ನಂಬರ್ ಇರುವ ಒಬ್ಬ ಮನುಷ್ಯ. ಹಳೇ ಕ್ಲೇಮುಗಳಲ್ಲಿ ಒಂದು ವರ್ಷದೊಳಗಿನದನ್ನು ಮತ್ತೆ ನೋಡುವುದು. ಅದಕ್ಕೂ ಹಿಂದಿನದ್ದು ಹೋಯಿತು ಅಂತಲೇ ಲೆಕ್ಕ. ಕಣ್ಣಾಸ್ಪತ್ರೆಯ ಹುಡುಗಿಯ ಪೆಟ್ಟಿಗೆಯಲ್ಲಿದ್ದ ಅರ್ಧಕ್ಕೂ ಜಾಸ್ತಿ ಆ ಹಳೇ ಲೆಕ್ಕದಲ್ಲೇ ಹೋಯಿತು. ಗಾಳಿಯಂತ್ರದ ಹುಡುಗನ ಕ್ಲೇಮಿಗೆ 6,300 ಬಂತು. ಉಳಿದ 700 ಟಿಡಿಎಸ್.

ಈ ನಡುವೆ ನಮ್ಮ ಕೆಪಿಎಂಇ ನವೀಕರಣವೂ ಬಂತು. 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ಪ್ರತಿ ಆಸ್ಪತ್ರೆಯೂ ನೋಂದಣಿ ಮಾಡಿಸಬೇಕು, ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ ಇದನ್ನು ನೋಡುತ್ತದೆ. ಇನ್‌ಸ್ಪೆಕ್ಷನ್ ಬರುವ ಮುಂಚೆ ಸಂಘದವರು ತಾವೇ ಒಂದು ಇನ್‌ಸ್ಪೆಕ್ಷನ್ ಮಾಡುತ್ತಾರೆ. ಬೇರೆ ಮೆಂಬರ್ ಆಸ್ಪತ್ರೆಯ ಒಬ್ಬ ಹಿರಿಯ ಸಿಸ್ಟರ್, ಒಬ್ಬ ಅಡ್ಮಿನ್ ಬಂದು ನೋಡಿ ಹೋಗುತ್ತಾರೆ. ದುಡ್ಡಿಲ್ಲ, ಊಟ ಹಾಕಿದರೆ ಸಾಕು. ಸಂಘದಿಂದ ನಮಗೆ ಸಿಕ್ಕಿದ್ದರಲ್ಲಿ ಇದೇ ಎಲ್ಲಕ್ಕಿಂತ ಉಪಯೋಗದ್ದು ಅಂತ ನನ್ನ ಅಭಿಪ್ರಾಯ. ಡಾಕ್ಟರು ಒಪ್ಪುವುದಿಲ್ಲ, ಅವರಿಗೆ 6,300 ಬಂದದ್ದೇ ದೊಡ್ಡದು.

ನಮ್ಮಲ್ಲಿಗೆ ಬಂದ ಸಿಸ್ಟರು ಸುಮ್ನೆ ಕಾಗದ ನೋಡಿ ಹೋಗುವವರಲ್ಲ. ದರಪಟ್ಟಿ ಕನ್ನಡದಲ್ಲಿ ಇದೆಯಾ, ರೋಗಿ ಕೂರುವ ಜಾಗದಿಂದ ಓದಲು ಬರುತ್ತದಾ ಅಂತ ತಾವೇ ಬೆಂಚಿನ ಮೇಲೆ ಕೂತು ಓದಿದರು. ನರ್ಸುಗಳ ನೋಂದಣಿ ಸರ್ಟಿಫಿಕೇಟು ಕೇಳಿದರು. ಕೆಲಸದವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ರಿಜಿಸ್ಟರ್ ಕೇಳಿದರು. ಆಕ್ಸಿಜನ್ ಸಿಲಿಂಡರಿಗೆ ಸರಪಳಿ ಕಟ್ಟಿದೆಯಾ ಅಂತ ಅಲ್ಲಾಡಿಸಿ ನೋಡಿದರು. ಬೆಂಕಿ ಆರಿಸುವ ಸಿಲಿಂಡರಿನ ಮುಂದೆ ನಿಂತು, ನಮ್ಮ ಹೊಸ ನರ್ಸ್ ಹುಡುಗಿಗೆ, “ಇದನ್ನ ಹೆಂಗ ಬಿಡೂದವಾ, ತೋರಸು” ಅಂದರು. ಹುಡುಗಿ ಅದರ ಮೇಲಿನ ಚೀಟಿ ಓದತೊಡಗಿದಳು. “ಹೊಗಿ ತುಂಬಿದಾಗ ಓದಾಕ ಕಾಣಸ್ತೈತೇನು?” ಅಂತ ಕೇಳಿ, ಅಲ್ಲೇ ಹಿತ್ತಲಿಗೆ ಒಯ್ದು ಎಲ್ಲರ ಕೈಯಲ್ಲೂ ಪಿನ್ ತೆಗೆಸಿ ಕಲಿಸಿದರು. ನಿಜವಾದ ಇನ್‌ಸ್ಪೆಕ್ಷನ್ನಿಗೆ ಬಂದವರು ಅದನ್ನು ಕೇಳಲೇ ಇಲ್ಲ.

ಕಸದ ವಿಷಯವೂ ಸಂಘದ ಮೂಲಕವೇ ಹೋಗುತ್ತದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಹಳದಿ, ಕೆಂಪು, ಬಿಳಿ, ನೀಲಿ ಅಂತ ಬೇರೆ ಮಾಡಬೇಕು, ಬಾರ್‌ಕೋಡ್ ಹಚ್ಚಬೇಕು, ಸಂಸ್ಕರಿಸದ ಕಸವನ್ನು 48 ಗಂಟೆಗಿಂತ ಹೆಚ್ಚು ಇಟ್ಟುಕೊಳ್ಳಬಾರದು. 75 ಕಿಲೋಮೀಟರ್ ಒಳಗೆ ಸಾಮೂಹಿಕ ಘಟಕ ಇದ್ದರೆ ಆಸ್ಪತ್ರೆ ತನ್ನದೇ ಘಟಕ ಮಾಡುವಂತಿಲ್ಲ. ಅಂದರೆ ಗಾಡಿ ಬರಲೇಬೇಕು. ಬರದಿದ್ದರೆ ನೋಟೀಸು ಗಾಡಿಯವನಿಗೆ ಮೊದಲು ಬರುವುದಿಲ್ಲ, ನಮಗೆ ಬರುತ್ತದೆ. ಮಳೆಗಾಲದಲ್ಲಿ ಒಮ್ಮೆ ಗಾಡಿ ತಪ್ಪಿದಾಗ ನಾನು ಫೋನ್ ಮಾಡಿದರೆ ಎತ್ತಲಿಲ್ಲ. ಸಂಘದಿಂದ ಒಂದು ಕಾಗದ ಹೋದ ಮೇಲೆ ಸಂಜೆಗೇ ಬಂತು. ಹಾಸಿಗೆ ಲೆಕ್ಕದ ದರವನ್ನೂ ಸಂಘವೇ ಕೂತು ಮಾತಾಡಿತು. ಕೇರಳದಲ್ಲಂತೂ ಡಾಕ್ಟರುಗಳ ಸಂಘವಾದ ಐಎಂಎದವರು ಇಮೇಜ್ ಅಂತ ತಮ್ಮದೇ ಘಟಕವನ್ನು ಪಾಲಕ್ಕಾಡಿನಲ್ಲಿ ನಡೆಸುತ್ತಾರೆ. ನಮ್ಮ ಸಭೆಯಲ್ಲಿ ಇದರ ಮಾತು ಬಂದರೆ ಎಲ್ಲರೂ ತಲೆಯಾಡಿಸುತ್ತಾರೆ, ಜಾಗ ಯಾರು ಕೊಡೋದು ಅಂದ ಕೂಡಲೇ ಚಹಾ ಬರುತ್ತದೆ.

ಗಲಾಟೆಯ ಹೊತ್ತಿನ ಸಹಾಯವನ್ನೂ ಹೇಳಬೇಕು. 2009ರ ರಾಜ್ಯದ ಕಾಯ್ದೆಯಲ್ಲಿ ಆಸ್ಪತ್ರೆ ಸಿಬ್ಬಂದಿ ಮೇಲೆ ಹಲ್ಲೆಗೆ ಜೈಲು, ದಂಡ ಎರಡೂ ಇವೆ. ಇದರ ಬೋರ್ಡನ್ನು ಸಂಘವೇ ಎಲ್ಲರಿಗೂ ಮಾಡಿಸಿ ಹಂಚಿತ್ತು. ಆದರೆ ರಾತ್ರಿ ಹನ್ನೆರಡಕ್ಕೆ ಬಾಗಿಲಲ್ಲಿ ಮಂದಿ ಸೇರಿದಾಗ ಬೋರ್ಡು ಓದುವವರು ಯಾರು? ಅವತ್ತು ಗ್ರೂಪಿಗೆ ಒಂದು ಮೆಸೇಜ್ ಹಾಕಿದ್ದಕ್ಕೆ ಬೇರೆ ಆಸ್ಪತ್ರೆಯ ನಾಲ್ಕು ಜನ ಡಾಕ್ಟರು ಬೈಕಿನಲ್ಲಿ ಬಂದು ನಮ್ಮ ಮೇಡಂ ಪಕ್ಕ ನಿಂತರು. ಅದರಲ್ಲೊಬ್ಬರಿಗೆ ಆ ಮನೆಯವರ ಪರಿಚಯ ಇತ್ತು. ಮಾತು ಅಲ್ಲಿಂದ ತಣ್ಣಗಾಯಿತು.

ಇನ್ನು ಮಾವನ ಮಾತು. 2017ರ ನವೆಂಬರಿನಲ್ಲಿ ಕೆಪಿಎಂಇ ತಿದ್ದುಪಡಿ ವಿರುದ್ಧ ರಾಜ್ಯದ ಖಾಸಗಿ ಡಾಕ್ಟರುಗಳೆಲ್ಲ ಹೋರಾಟಕ್ಕೆ ಇಳಿದರು. ಬೆಳಗಾವಿ ಅಧಿವೇಶನದ ಹೊತ್ತು. ಓಪಿಡಿ ಬಂದ್ ಆದವು. ಜೈಲು ಶಿಕ್ಷೆಯ ಅಂಶಕ್ಕೆ ಸಿಟ್ಟು ಬರುವುದು ಸಹಜ. ಆದರೆ ಅದೇ ಮಸೂದೆಯಲ್ಲಿ ಬಾಕಿ ಇದೆ ಅಂತ ಶವ ಹಿಡಿದಿಟ್ಟುಕೊಳ್ಳಬಾರದು, ತುರ್ತು ಚಿಕಿತ್ಸೆಗೆ ಮುಂಗಡ ಕೇಳಿ ಕೂರಬಾರದು ಅನ್ನುವ ಮಾತೂ ಇತ್ತು. ಎಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಬೇಡ ಅಂದದ್ದರಿಂದ ಹೊರಗಿನವರಿಗೆ ಬೇರೆಯೇ ಕೇಳಿಸಿತು. ಮಾವ ಆಗ ಶುಗರ್ ತೋರಿಸಿಕೊಳ್ಳಲು ಹೋಗಿ ಬೀಗ ನೋಡಿ ವಾಪಸ್ ಬಂದವರು. ಅವರಿಗೆ ನಾನು ಯಾವ ಶೀಟು ತೋರಿಸಿದರೂ ಉಪಯೋಗವಿಲ್ಲ. ಬಂದ್ ಅನ್ನುವುದು ಸಂಘದ ಕೈಯಲ್ಲಿರುವ ಅಸ್ತ್ರಗಳಲ್ಲಿ ಅತಿ ದುಬಾರಿ. ಅದರ ಬಿಲ್ ಕಟ್ಟುವವರು ಮೆಂಬರುಗಳಲ್ಲ. ಇದನ್ನು ನಾನು ಸಭೆಯಲ್ಲಿ ಒಮ್ಮೆ ಹೇಳಿದೆ. ಕೆಲವರು ಒಪ್ಪಿದರು. ಕೆಲವರು, 2024ರ ಆಗಸ್ಟ್ 17ರಂದು ಕೋಲ್ಕತ್ತದಲ್ಲಿ ಕೊಲೆಯಾದ ಡಾಕ್ಟರ್ ಹುಡುಗಿಗಾಗಿ ದೇಶವೇ ಓಪಿಡಿ ನಿಲ್ಲಿಸಿತಲ್ಲ, ಅದೂ ತಪ್ಪೇ ಅಂತ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ನಮ್ಮ ನರ್ಸುಗಳೇ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದರು.

ಈಗ ನನ್ನನ್ನು ಸಂಘದ ಇನ್ಶೂರೆನ್ಸ್ ಸಮಿತಿಗೆ ಹಾಕಿದ್ದಾರೆ. ಹೊಸ ಶೀಟು ಓಡಾಡುತ್ತಿದೆ. 2024ರ ಮೇ ತಿಂಗಳ ಐಆರ್‌ಡಿಎಐ ಸುತ್ತೋಲೆ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಒಪ್ಪಿಗೆ ಬರಬೇಕು. ಬರುವುದಿಲ್ಲ. ರೋಗಿ ಬಟ್ಟೆ ಕಟ್ಟಿಕೊಂಡು ಸಂಜೆವರೆಗೆ ಕೂರುತ್ತಾನೆ, ಬೈಸಿಕೊಳ್ಳುವವಳು ಕೌಂಟರಿನ ಹುಡುಗಿ. ಈ ಸಲ ಕಾಲಮ್ಮು ಕಡಿಮೆ: ಕೊನೆಯ ಬಿಲ್ ಕಳಿಸಿದ ಹೊತ್ತು, ಅಪ್ರೂವಲ್ ಬಂದ ಹೊತ್ತು, ಯಾವ ಕಂಪನಿ. ಇದು ರೋಗಿಗೂ ಸೇರಿದ ವಿಷಯ, ಹಾಗಾಗಿ ಪೋರ್ಟಲ್ಲಿನಲ್ಲಿ ಅವರೂ ದೂರು ಹಾಕಬಹುದು ಅಂತ ಕನ್ನಡದಲ್ಲಿ ಒಂದು ಚೀಟಿ ಮಾಡಿಸಿ ಕೌಂಟರಿನಲ್ಲಿ ಇಟ್ಟಿದ್ದೇವೆ. ಮಾವನಿಗೂ ಒಂದು ಕೊಟ್ಟೆ. ಹಾವೇರಿ ಕಡೆಯಿಂದ ಶೀಟು ಚೆನ್ನಾಗಿ ಬರುತ್ತಿದೆ. ನಮ್ಮ ಊರಿನ ಏಳೆಂಟು ಆಸ್ಪತ್ರೆಗಳವರು ಇನ್ನೂ ಖಾಲಿ ಕಳಿಸುತ್ತಿದ್ದಾರೆ, ಅವರಿಗೆ ಶನಿವಾರ ಫೋನ್ ಮಾಡಬೇಕು.